ತಂತಿಗೆ ಸಿಕ್ಕಿಸಿದ ಕಾರ್ಡುಗಳು

ನಮಸ್ಕಾರ. ಇವತ್ತು ಅಮಾವಾಸ್ಯೆ, ಮಾರುಕಟ್ಟೆ ಬಂದ್. ಹಾಗಾಗಿ ಅಂಗಡಿಯ ಮೇಜಿನ ಮೇಲೆ ಖಾತೆ ಪುಸ್ತಕ ತೆಗೆದಿಟ್ಟು ಈ ಹಳೆಯ ಕಾರ್ಡುಗಳನ್ನು ಹರಡಿದ್ದೇನೆ. ನನ್ನದು ಗದಗಿನಲ್ಲಿ ದಲಾಲಿ ಅಂಗಡಿ. ಹತ್ತಿ, ಶೇಂಗಾ, ಒಣ ಮೆಣಸಿನಕಾಯಿ. ಮನೆಯವರು ನನಗೆ ಸ್ಟಾಂಪಿನ ಹುಚ್ಚು ಅಂತಾರೆ, ಆದರೆ ಈಗೀಗ ಬರೀ ಸ್ಟಾಂಪಿಗಿಂತ ಜಾಸ್ತಿ ನಾನು ಹುಡುಕುವುದು ಸ್ಟಾಂಪು ಅಂಟಿಕೊಂಡೇ ಇರುವ ಕಾರ್ಡು, ಪಾಕೀಟು ಮತ್ತು ಅದರ ಮೇಲೆ ಬಿದ್ದ ಊರಿನ ಠಸ್ಸೆ.

ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಈ ಕಾರ್ಡಿನ ನಡುವೆ ಒಂದು ತೂತು ಕಾಣುತ್ತಾ? ಸುತ್ತ ಸ್ವಲ್ಪ ತುಕ್ಕಿನ ಕಲೆ ಕೂಡ ಇದೆ. ಹಳೆಯ ಅಂಗಡಿಗಳಲ್ಲಿ ಗೋಡೆಗೆ ಒಂದು ಕಬ್ಬಿಣದ ತಂತಿ ನೇತಾಡುತ್ತಿತ್ತು, ಕೆಳಗೆ ಗುಂಡನೆಯ ಮರದ ಬಿಲ್ಲೆ, ಮೇಲೆ ಕೊಕ್ಕೆ. ಕಾರ್ಡು ಬಂತು, ಓದಿದರು, ಉತ್ತರ ಬರೆದರು, ತಂತಿಗೆ ಚುಚ್ಚಿದರು. ಅಷ್ಟೇ. ತೂತು ಬಿದ್ದಿದೆ ಅಂದರೆ ಆ ವ್ಯವಹಾರ ಮುಗಿದಿದೆ ಅಂತ ಅರ್ಥ. ಸ್ಟಾಂಪ್ ವ್ಯಾಪಾರಿಗಳ ಹತ್ತಿರ ಹೋದರೆ ತೂತಿದ್ದ ಕಾರ್ಡಿಗೆ ಬೆಲೆ ಕಡಿಮೆ, ನನಗೆ ಬೇಕಾದದ್ದು ಅದೇ. ಯಾಕೆಂದರೆ ತಂತಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಮೊದಲು ಬಂದದ್ದು, ಮೇಲಿರುವುದು ಕೊನೆಗೆ ಬಂದದ್ದು. ಯಾರೂ ಕೈ ಹಾಕದ ಒಂದು ತಂತಿ ಸಿಕ್ಕರೆ ಒಂದು ಅಂಗಡಿಯ ಇಡೀ ಸುಗ್ಗಿ ದಿನದ ಲೆಕ್ಕದಲ್ಲಿ ಕೈಗೆ ಬಂದ ಹಾಗೆ. ಅದಕ್ಕೇ ಕಾರ್ಡು ಬಿಡಿಸುವ ಮುಂಚೆ ಒಂದೊಂದರ ಹಿಂದೆ ಪೆನ್ಸಿಲಿನಲ್ಲಿ ಸಣ್ಣದಾಗಿ ಅಂಕಿ ಹಾಕುತ್ತೇನೆ. ಪೆನ್ನು ಯಾವತ್ತೂ ಬೇಡ.

ಇನ್ನೊಂದು ನೋಡಿ. ನಮ್ಮ ದೇಶದಲ್ಲಿ ಪೋಸ್ಟ್‌ಕಾರ್ಡು ಶುರುವಾದದ್ದು 1879ರಲ್ಲಿ, ಬೆಲೆ ಕಾಲಾಣೆ, ಅಂದರೆ 3 ಪೈ. ವ್ಯಾಪಾರಿಗಳಿಗೆ ಅದು ವರ ಇದ್ದ ಹಾಗೆ ಬಂತು, ಧಾರಣೆ ತಿಳಿಸೋಕೆ ಉದ್ದದ ಪತ್ರ ಯಾಕೆ ಬೇಕು? ಎಷ್ಟೋ ವರ್ಷ ಬೆಲೆ ಅಲ್ಲೇ ನಿಂತಿತ್ತು. 1922ರಲ್ಲಿ ಅದು ಅರ್ಧ ಆಣೆ ಆಯಿತು. ಒಂದೇ ಸಲಕ್ಕೆ ದುಪ್ಪಟ್ಟು! ಅಂಗಡಿಯಲ್ಲಿ ಹಳೆಯ ಕಾಲಾಣೆ ಕಾರ್ಡು ಉಳಿದಿದ್ದವರು ಏನು ಮಾಡಬೇಕು? ಇಲ್ಲಿ ನೋಡಿ, ಮೂಲೆಯಲ್ಲಿ ಕಾರ್ಡಿನ ಮೇಲೇ ಅಚ್ಚಾದ ರಾಜನ ಚಿತ್ರದ ಕಾಲಾಣೆ ಸ್ಟಾಂಪು, ಪಕ್ಕದಲ್ಲಿ ಬೂದು ಬಣ್ಣದ 3 ಪೈ ಸ್ಟಾಂಪು, ಎರಡರ ಮೇಲೂ ಹುಬ್ಬಳ್ಳಿಯ ಠಸ್ಸೆ. ಹಳೆಯ ಕಾರ್ಡು ದಂಡ ಆಗಬಾರದು ಅಂತ ಆ ಸಾವುಕಾರರು ಇನ್ನೊಂದು ಕಾಲಾಣೆ ಹಚ್ಚಿ ಕಳಿಸಿದ್ದಾರೆ. ಈ ಸ್ಟಾಂಪನ್ನು ನೀರಿಗೆ ಹಾಕಿ ಬಿಡಿಸಿದ್ದರೆ ಅದು ಎಲ್ಲ ಕಡೆ ಸಿಗುವ ಒಂದು ಸಾಧಾರಣ ಸ್ಟಾಂಪು. ಕಾರ್ಡಿನ ಮೇಲೆ ಇದೆಯಲ್ಲ, ಅದಕ್ಕೇ ಅದು 1922ರ ದರ ಏರಿಕೆಗೆ ಸಾಕ್ಷಿ.

ಒಳಗೆ ಬರೆದದ್ದು ಇನ್ನೂ ಚೆಂದ. ಮೇಲೆ ಶ್ರೀಕಾರ, ಆಮೇಲೆ ‘ಉಭಯ ಕುಶಲೋಪರಿ’, ಅದು ಮುಗಿದ ಕೂಡಲೇ ನೇರ ಹತ್ತಿ ಅಂಡಿಗೆಯ ಮಾತು. ಎಷ್ಟು ಬಂತು, ಎಷ್ಟು ತೂಗಿತು, ಬಾಕಿ ಯಾವಾಗ. ಕೆಲವು ಕಾರ್ಡು ಕನ್ನಡದಲ್ಲಿವೆ, ಕೆಲವು ಮೋಡಿ ಲಿಪಿಯಲ್ಲಿವೆ, ಅಂದರೆ ಮರಾಠಿ ಬರೆಯೋಕೆ ಬಳಸುತ್ತಿದ್ದ ಹಳೆಯ ಕೂಡುಬರಹ. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ, ಮರಾಠಿ ವ್ಯವಹಾರ ಬಹಳ. ಮೋಡಿ ಓದುವ ಹಿರಿಯರು ಈಗ ಸಿಗುವುದೇ ಕಷ್ಟ, ಸಿಕ್ಕಾಗ ನಾನು ಕಾರ್ಡು ಹಿಡಿದುಕೊಂಡು ಅವರ ಮನೆಗೇ ಹೋಗುತ್ತೇನೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಗದಗಿನಿಂದ ಗುಂತಕಲ್ ಕಡೆ ರೈಲು ಹತ್ತಿದರೆ ಒಂದು ತಾಸಿನ ಆಜೂಬಾಜೂ ಕೊಪ್ಪಳ. ಇವತ್ತು ನಾವು ಯೋಚನೆಯೇ ಮಾಡದೆ ಹೋಗಿ ಬರುತ್ತೇವೆ. ಆಗ ಕೊಪ್ಪಳ ಹೈದರಾಬಾದ್ ನಿಜಾಮರ ರಾಜ್ಯ, ಅವರ ದಿವಾನರ ಮನೆತನವಾದ ಸಾಲಾರ್ ಜಂಗರ ಜಹಗೀರು. ನಿಜಾಮರಿಗೆ ಅವರದೇ ಅಂಚೆ, 1869ರಿಂದ ಅವರದೇ ಸ್ಟಾಂಪು. ಆದರೆ ಆ ಸ್ಟಾಂಪು ನಡೆಯುತ್ತಿದ್ದದ್ದು ಅವರ ರಾಜ್ಯದ ಒಳಗೆ ಮಾತ್ರ. ಕೊಪ್ಪಳದಿಂದ ದೂರದ ರಾಯಚೂರಿಗೆ ಬರೆದರೆ ನಿಜಾಮರ ಸ್ಟಾಂಪು ಸಾಕು, ಪಕ್ಕದ ಗದಗಿಗೆ ಬರೆದರೆ ಬ್ರಿಟಿಷ್ ಇಂಡಿಯಾದ ಸ್ಟಾಂಪು ಬೇಕು! ಒಂದೇ ಭಾಷೆ, ಒಂದೇ ಹತ್ತಿ, ನಡುವೆ ಎರಡು ಅಂಚೆ. ಕನ್ನಡದ ಊರುಗಳು ಹೇಗೆ ಹಂಚಿ ಹೋಗಿದ್ದವು ಅನ್ನುವುದನ್ನು ನಾನು ಶಾಲೆಯ ನಕಾಶೆಯಲ್ಲಿ ನೋಡಿದ್ದೆ, ಆದರೆ ಅದು ಮನಸ್ಸಿಗೆ ಇಳಿದದ್ದು ಮಾತ್ರ ಈ ಪಾಕೀಟುಗಳನ್ನು ಅಕ್ಕಪಕ್ಕ ಇಟ್ಟಾಗ.

1871ರ ನಿಜಾಮರ ಸ್ಟಾಂಪಿನಲ್ಲಿ ಉರ್ದು, ಇಂಗ್ಲಿಷ್, ಮರಾಠಿ, ತೆಲುಗು ಇವೆ. ಕಲಬುರಗಿ, ರಾಯಚೂರು, ಬೀದರ್ ಅವರ ಕೈಯಲ್ಲೇ ಇದ್ದರೂ ಕನ್ನಡ ಇಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತೆ. ಆದರೆ 1931ರಲ್ಲಿ ಬಂದ ಸರಣಿಯಲ್ಲಿ ಚಾರ್‌ಮಿನಾರ್ ಜೊತೆಗೆ ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ ಕೂಡ ಇದೆ, 12 ಆಣೆಯ ಸ್ಟಾಂಪು. ಬೀದರ್ ನೋಡಿದವರಿಗೆ ಆ ಮಿನಾರು ತಟ್ಟನೆ ಗುರುತು ಸಿಗುತ್ತೆ.

ಮೈಸೂರು ಕಡೆಯವರು ಯಾವಾಗಲೂ ಕೇಳುತ್ತಾರೆ, ಮೈಸೂರು ಸಂಸ್ಥಾನದ ಸ್ಟಾಂಪು ಇದೆಯಾ ಅಂತ. ಮೈಸೂರು ಅಂಚೆ ಚಿಕ್ಕದೇವರಾಜ ಒಡೆಯರ ಕಾಲದ್ದು, 17ನೇ ಶತಮಾನದ್ದು, ಇಂಗ್ಲೆಂಡಿನಲ್ಲಿ 1840ರಲ್ಲಿ ಮೊದಲ ಸ್ಟಾಂಪು ಬರುವುದಕ್ಕೆ ಎಷ್ಟೋ ಮುಂಚಿನದು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅಷ್ಟು ಕಾಲ ನಡೆದರೂ ಅವರು ಅಂಚೆಗೆ ಅಂತ ಸ್ವಂತ ಸ್ಟಾಂಪು ಹೊರಡಿಸಲೇ ಇಲ್ಲ. ಹಾಗಾಗಿ ಸ್ಟಾಂಪು ಮಾತ್ರ ಕೂಡಿಸುವವರ ಆಲ್ಬಮ್ಮಿನಲ್ಲಿ ಮೈಸೂರಿಗೆ ಒಂದು ಪುಟವೂ ಇರುವುದಿಲ್ಲ. ಅದನ್ನು ಹುಡುಕಬೇಕಾದದ್ದು ಹಳೆಯ ಕಾಗದದ ಮೇಲಿನ ಠಸ್ಸೆಗಳಲ್ಲಿ.

ಇವೆಲ್ಲ ಎಲ್ಲಿ ಸಿಗುತ್ತವೆ? ಹೆಚ್ಚಿನದು ರದ್ದಿಯಲ್ಲಿ. ಹಳೆಯ ಅಂಗಡಿ ಮುಚ್ಚುತ್ತಾರೆ, ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ಅಟ್ಟ ಖಾಲಿ ಮಾಡುತ್ತಾರೆ. ರದ್ದಿಯವನು ಒಮ್ಮೆ ಕೇಳಿದ, “ಸಾವ್ಕಾರ್ರ, ಹರಿದ ಪಾಕೀಟಿಗೆ ಯಾಕ್ರೀ ಇಷ್ಟು ರೊಕ್ಕ?” ಅವನನ್ನೇ ಕೂರಿಸಿ, ಚಹಾ ತರಿಸಿ, ಒಂದು ಪಾಕೀಟು ಎಲ್ಲಿಂದ ಹೊರಟು ಎಲ್ಲಿ ಬಂತು ಅಂತ ತೋರಿಸಿದೆ. ಈಗ ಅವನು ತಂತಿ ಬಿಚ್ಚದೆ ಹಾಗೇ ತರುತ್ತಾನೆ.

ನಿಮ್ಮಲ್ಲಿ ಇದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಅದನ್ನು ತೆಗೆಯೋಕೆ ಬರುವುದಿಲ್ಲ. ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಕಾಗದವನ್ನು ಹಳದಿ ಮಾಡಿ ತಿಂದುಹಾಕುತ್ತೆ. ಸ್ಟಾಂಪು ಕತ್ತರಿಸಬೇಡಿ. ಒಣಗಿದ ಜಾಗ, ಬಿಸಿಲು ಬೀಳದ ಕಪಾಟು, ಆಸಿಡ್ ಇಲ್ಲದ ಕಾಗದ, ಅಷ್ಟಿದ್ದರೆ ಸಾಕು. ಹೊಸ ಪಾಕೀಟುಗಳನ್ನೂ ಇಡಿ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಬ್ಯಾಂಕು, ಕೋರ್ಟಿನಿಂದ ಬರುತ್ತಿದ್ದ ಆ ರಿಜಿಸ್ಟರ್ಡ್ ಲಕೋಟೆ ಈಗಾಗಲೇ ಹಳೆಯ ಕಾಲದ್ದಾಯಿತು, ಅಲ್ವಾ?

ಅಂಚೆ ಚೀಟಿ ಪ್ರದರ್ಶನಕ್ಕೆ ಅಂತ ನಾನೀಗ ಒಂದು ಫ್ರೇಮ್ ಜೋಡಿಸುತ್ತಿದ್ದೇನೆ. ಒಂದು ಫ್ರೇಮಿಗೆ 16 ಹಾಳೆ. ವಿಷಯ ಗದಗಿನ ಹತ್ತಿ ಪೇಟೆಯ ಅಂಚೆ. ಹುಬ್ಬಳ್ಳಿ, ರಾಯಚೂರು, ಮುಂಬಯಿ ಎಲ್ಲ ಇವೆ, ಕೊಪ್ಪಳದಿಂದ ಗದಗಿಗೆ ಬಂದ ನಿಜಾಮರ ಕಾಲದ ಒಂದು ಕಾರ್ಡು ಮಾತ್ರ ಇನ್ನೂ ಸಿಕ್ಕಿಲ್ಲ. ಕೊಪ್ಪಳ, ಯಲಬುರ್ಗಾ, ಕುಕನೂರು ಕಡೆಯ ಹಳೆಯ ವ್ಯಾಪಾರಸ್ಥರ ಮನೆಯವರು ಯಾರಾದರೂ ಈ ವಿಡಿಯೋ ನೋಡುತ್ತಿದ್ದರೆ ಒಮ್ಮೆ ಅಟ್ಟ ಹತ್ತಿ ನೋಡಿ. ಕಾರ್ಡು ನಿಮ್ಮ ಹತ್ತಿರವೇ ಇರಲಿ, ನನಗೆ ಎರಡೂ ಬದಿಯ ಫೋಟೋ ಕಳಿಸಿದರೂ ಸಾಕು, ಠಸ್ಸೆಯ ತಾರೀಖು ಕಾಣುವ ಹಾಗೆ.