ದೊಡ್ಡಿಯಿಂದ ಬಿಡಿಸಿ ತಂದ ಹಸು

ಕೇಳುಗರಿಗೆ ನಮಸ್ಕಾರ. ಬೆಳಗಿನ ಹೊತ್ತು, ಒಲೆ ಮೇಲೆ ಹಾಲಿಟ್ಟು ಅರ್ಧ ಕಿವಿಯನ್ನಷ್ಟೇ ಇತ್ತ ಕೊಟ್ಟಿರುತ್ತೀರಿ, ಅಲ್ವಾ? ಅದಕ್ಕೇ ಒಂದೇ ಮಾತು ಹೇಳುತ್ತೇನೆ. ದೇವರು ತನ್ನದನ್ನೇ ದುಡ್ಡು ಕೊಟ್ಟು ಬಿಡಿಸಿಕೊಂಡು ಬರುತ್ತಾನೆ. ಅಷ್ಟೇ.

ನಮ್ಮ ತಾತನ ಮನೆಯಲ್ಲಿ ಕೆಂಪಿ ಅಂತ ಒಂದು ಹಸು ಇತ್ತು. ಹಿಂಡಿ, ಬೂಸಾ, ಹಸಿಹುಲ್ಲು ಯಾವುದಕ್ಕೂ ಕಮ್ಮಿ ಇರಲಿಲ್ಲ. ಆದರೂ ಹಗ್ಗ ಸಡಿಲವಾದರೆ ಸಾಕು, ನೇರ ಪಕ್ಕದವರ ರಾಗಿ ಹೊಲಕ್ಕೆ. ತುಡುಗು ಮೇಯುವುದು ಅದಕ್ಕೆ ಚಟ. ಒಂದು ದಿನ ಹೊಲದವರು ರೋಸಿಹೋಗಿ ದೊಡ್ಡಿಗೆ ಹೊಡೆದರು. ಈಗಿನ ಮಕ್ಕಳಿಗೆ ದೊಡ್ಡಿ ಗೊತ್ತಿಲ್ಲ. ಕಂಡವರ ಬೆಳೆ ಮೇಯ್ದ ದನಗಳನ್ನು ಕೂಡಿಹಾಕುವ ಜಾಗ ಅದು, ದಂಡ ಕಟ್ಟಿದರೇ ಬಿಡುವುದು. ಅಜ್ಜಿ ಅಂದಳು, "ಇರ್ಲಿ ಬಿಡಿ, ಎರಡು ದಿನ ಉಪವಾಸ ಬಿದ್ರೆ ಬುದ್ಧಿ ಬರುತ್ತೆ." ತಾತ ಏನೂ ಅನ್ನಲಿಲ್ಲ. ಗೋಡೆಯ ಮೊಳೆಯಿಂದ ಹಗ್ಗ ತೆಗೆದುಕೊಂಡರು, ಅಂಗಿ ಜೇಬು ತಡಕಿದರು, ಸಾಲದ್ದಕ್ಕೆ ಅಂಗಡಿಯವನ ಹತ್ತಿರ ಸಾಲ ಕೇಳಿ ನಡೆದೇಬಿಟ್ಟರು. ನಾನೂ ಹಿಂದೆ ಓಡಿದೆ. ಕೆಂಪಿ ಕೆಸರಲ್ಲಿ ನಿಂತಿತ್ತು, ಬೆನ್ನ ಮೇಲೆ ದೊಣ್ಣೆಯ ಬಾಸುಂಡೆ. ತಾತನ ದನಿ ಕೇಳಿದ್ದೇ ಕಿವಿ ನಿಮಿರಿತು. ದೊಡ್ಡಿಯವನು ನಕ್ಕ. "ನಿಮ್ಮ ಹಸೂನ ನೀವೇ ಎಷ್ಟು ಸಲ ಕೊಂಡ್ಕೊಳ್ತೀರಿ ಯಜಮಾನ್ರೇ?" ಯಾಕಂದರೆ ಅದು ಮೊದಲನೇ ಸಲ ಆಗಿರಲಿಲ್ಲ. ತಾತ ದುಡ್ಡು ಎಣಿಸುತ್ತಾ, "ನನ್ನದಲ್ವಾ" ಅಂದರು.

ಬೈಬಲ್ಲಿನಲ್ಲಿ ಹೋಶೇಯ ಪ್ರವಾದಿಯ ಪುಸ್ತಕ ತೆರೆದಾಗಲೆಲ್ಲ ನನಗೆ ಆ ದೊಡ್ಡಿಯೇ ನೆನಪಾಗುತ್ತದೆ. ಕ್ರಿಸ್ತಪೂರ್ವ 8ನೇ ಶತಮಾನ, ಉತ್ತರದ ಇಸ್ರೇಲ್ ರಾಜ್ಯ, ಎರಡನೇ ಯಾರೊಬ್ಬಾಮನ ಕಾಲ. ಕಾಸು ಓಡಾಡುತ್ತಿತ್ತು. ಜನ ಮಳೆ ಬೆಳೆಗೆಂದು ಬಾಳ್ ದೇವರ ಹಿಂದೆ ಬಿದ್ದಿದ್ದರು. ರೊಟ್ಟಿ, ಉಣ್ಣೆ, ಎಣ್ಣೆ ಎಲ್ಲ ಅವನೇ ಕೊಟ್ಟ ಅಂದುಕೊಂಡು, ನಿಜವಾಗಿ ಕೊಟ್ಟವನನ್ನೇ ಮರೆತರು. ಆ ನೋವು ಎಂಥದ್ದು ಅಂತ ದೇವರು ಹೋಶೇಯನಿಗೆ ಬಾಯಲ್ಲಿ ಹೇಳಲಿಲ್ಲ, ಅವನ ಸಂಸಾರದಲ್ಲೇ ತೋರಿಸಿದ. ಹೋಶೇಯ ಗೋಮೆರ್ ಎಂಬುವಳನ್ನು ಮದುವೆಯಾದ. ಮೂರು ಮಕ್ಕಳು. ಕೊನೆಯವನ ಹೆಸರು ಲೋ ಅಮ್ಮಿ, ಅಂದರೆ 'ನನ್ನ ಜನವಲ್ಲ'. ಮಗುವನ್ನು ಊಟಕ್ಕೆ ಕರೆಯುವಾಗಲೂ ಅಪ್ಪ ಹಾಗೇ ಕೂಗಬೇಕು, ಸ್ವಲ್ಪ ಯೋಚನೆ ಮಾಡಿ. ಹೆಂಡತಿ ಬೇರೆಯವರ ಹಿಂದೆ ಹೋದಳು. 3ನೇ ಅಧ್ಯಾಯದಲ್ಲಿ ದೇವರು, ಮತ್ತೆ ಹೋಗಿ ಅವಳನ್ನು ಪ್ರೀತಿಸು ಅನ್ನುತ್ತಾನೆ. ಹೋಶೇಯ ಹೋದ. 15 ಶೆಕೆಲ್ ಬೆಳ್ಳಿ, ಜೊತೆಗೆ ಒಂದೂವರೆ ಹೋಮೆರ್ ಜವೆಗೋದಿ ಕೊಟ್ಟು ಕರೆತಂದ. ಶೆಕೆಲ್ ಅಂದರೆ ಆಗಿನವರ ತೂಕ, ಹೋಮೆರ್ ಅಂದರೆ ಕಾಳಿನ ಅಳತೆ. ಬೈಬಲ್ಲಿನದೇ ಇನ್ನೊಂದು ಪುಸ್ತಕ ವಿಮೋಚನಕಾಂಡದಲ್ಲಿ ಗುಲಾಮರ ತಲೆಗೆ 30 ಶೆಕೆಲ್ ಅಂತಿದೆ. ಪಾಪ, ಈತನ ಗಂಟಿನಲ್ಲಿ ಅರ್ಧವೇ ಇತ್ತೇನೋ, ಉಳಿದದ್ದಕ್ಕೆ ಕಣಜ ಕೆರೆದಿದ್ದಾನೆ ಅಂತ ನನಗನ್ನಿಸುತ್ತದೆ. ತನ್ನ ಹೆಂಡತಿಯನ್ನೇ ದುಡ್ಡು ಕೊಟ್ಟು ಬಿಡಿಸಿಕೊಂಡ.

ಹೆಂಗಸನ್ನು ಹಸುವಿಗೆ ಹೋಲಿಸುತ್ತೀರಾ ಅಂತ ಸಿಟ್ಟಾಗಬೇಡಿ. ಗಂಡಸರನ್ನೂ ಸೇರಿಸಿ ಇಡೀ ಇಸ್ರೇಲನ್ನೇ ಮೊಂಡು ಕಡಸು ಅಂದವನು ಹೋಶೇಯನೇ.

"ಪಾಸ್ಟರ್, ಮೊದಲು ಕುಡಿತ ಬಿಡ್ತೀನಿ, ಆಮೇಲೆ ಚರ್ಚಿಗೆ ಬರ್ತೀನಿ" ಅನ್ನುವವರು ನನಗೆ ವಾರಕ್ಕೊಬ್ಬರಾದರೂ ಸಿಗುತ್ತಾರೆ. ಎಷ್ಟು ಸಲ ಹೇಳಬೇಕು ಸ್ವಾಮಿ! ಕೆಂಪಿಗೆ ಬುದ್ಧಿ ಬರಲಿ, ಆಮೇಲೆ ದೊಡ್ಡಿಗೆ ಹೋದರಾಯಿತು ಅಂತ ತಾತ ಕಾಯಲಿಲ್ಲ. ದುಡ್ಡು ಮೊದಲು ಕಟ್ಟಿದರು. ಬುದ್ಧಿಯ ಮಾತು ಆಮೇಲೆ.

ಹೆಸೆದ್ ಅಂತ ಒಂದು ಹೀಬ್ರೂ ಪದದ ಬಗ್ಗೆಯೂ ಬರೆದುಕೊಂಡು ಬಂದಿದ್ದೆ, ಕೊಟ್ಟ ಮಾತನ್ನು ಬಿಡದ ಪ್ರೀತಿ ಅದು. ಶಿಲುಬೆಯ ವಿಷಯವೂ ಇತ್ತು, ಅಲ್ಲಿ ದೇವರು ಬೆಳ್ಳಿಯಲ್ಲ, ತನ್ನ ಮಗ ಯೇಸುವನ್ನೇ ಕೊಟ್ಟ. ಏನು ಮಾಡಲಿ, ನನ್ನ ಹೊತ್ತನ್ನೂ ಕೆಂಪಿ ಮೇಯ್ದುಬಿಟ್ಟಿತು.

ಸಾಧ್ಯವಾದರೆ ಇವತ್ತು ಹೋಶೇಯನ ಪುಸ್ತಕದ 11ನೇ ಅಧ್ಯಾಯ ಓದಿ. ನಿನ್ನನ್ನು ಹೇಗೆ ಬಿಟ್ಟುಕೊಡಲಿ ಅಂತ ದೇವರು ಅಲ್ಲಿ ಸಂಕಟಪಡುತ್ತಾನೆ. ಪ್ರೀತಿಯ ಹಗ್ಗದಿಂದ ನಡೆಸಿದೆ, ಬಗ್ಗಿ ಉಣಿಸಿದೆ ಅನ್ನುತ್ತಾನೆ. ಆವತ್ತು ತಾತ ಮನೆಗೆ ಬಂದವರೇ, ಇನ್ನೂ ಕಾಲು ತೊಳೆದಿಲ್ಲ, ಬಗ್ಗಿ ಬಾನಿಗೆ ಕಲಗಚ್ಚು ಸುರಿದರು. ಅಜ್ಜಿ ಬೈಯುತ್ತಲೇ ಅದಕ್ಕೊಂದು ಹಿಡಿ ಬೂಸಾ ಹಾಕಿದಳು.

ನಮಸ್ಕಾರ.