ಖಾನಾವಳಿಯ ಕನ್ನಡಿ

ನಮ್ಮ ಚಿತ್ರದ ಈ ಷಾಟಿನಲ್ಲಿ ನೀವು ನೋಡುತ್ತಿರುವುದು ಪುಣೆಯ ಕರ್ವೆ ನಗರದಲ್ಲಿರುವ ಒಂದು ಖಾನಾವಳಿ. ವಿಜಯಪುರದ ಕಡೆಯ ಕಾಕಾ ಹಂಚಿನ ಮೇಲಿಂದ ಉಬ್ಬಿದ ರೊಟ್ಟಿಯನ್ನೆತ್ತಿಕೊಂಡು, ಅಡುಗೆಮನೆಯ ಬಾಗಿಲು ದಾಟಿ, ಎರಡು ಮೇಜುಗಳ ಸಂದಿಯಲ್ಲಿ ಬಂದು, ಕಾದು ಕುಳಿತ ಹುಡುಗನ ತಟ್ಟೆಗೆ ಅದನ್ನು ಹಾಕುತ್ತಾರೆ. ಅಷ್ಟೂ ಹೊತ್ತು ಕ್ಯಾಮೆರಾ ಅವರ ಮುಂದೆ ಹಿಮ್ಮುಖವಾಗಿ ನಡೆಯುತ್ತದೆ. ಷಾಟಿನ ಉದ್ದ 14 ಸೆಕೆಂಡು. ಅದನ್ನು ತೆಗೆಯಲು ನಮ್ಮ ಐವರ ತಂಡಕ್ಕೆ ಒಂದೂವರೆ ದಿನ ಹಿಡಿಯಿತು.

ಮೊದಲ ದಿನ ಕ್ಯಾಮೆರಾ ನನ್ನ ಕೈಯಲ್ಲಿತ್ತು, ಹಟವೂ ನನ್ನದೇ ಆಗಿತ್ತು. ಖಾನಾವಳಿಯೊಳಗೆ ಬೆಳಕು ಕಡಿಮೆಯಿದ್ದುದರಿಂದ ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್ 1.8ರವರೆಗೆ ತೆರೆದಿದ್ದೆ (ಈ ಸಂಖ್ಯೆ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು). ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿಲಿಮೀಟರ್ ಲೆನ್ಸ್ ಹಾಕಿ, ಒಂದೂವರೆ ಮೀಟರ್ ದೂರದಲ್ಲಿರುವ ಮುಖವನ್ನು ಆ ಅಪರ್ಚರಿನಲ್ಲಿ ಹಿಡಿದರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 10 ಸೆಂಟಿಮೀಟರ್, ಅಂದರೆ ಅರ್ಧ ಗೇಣು ಮಾತ್ರ. ನಾನು ಹಿಂದಕ್ಕೆ ನಡೆಯುತ್ತಿದ್ದೇನೆ, ಕಾಕಾ ಮುಂದಕ್ಕೆ ಬರುತ್ತಿದ್ದಾರೆ; ನಮ್ಮಿಬ್ಬರ ಹೆಜ್ಜೆಗಳು ಅರ್ಧ ಗೇಣಿನೊಳಗೆ ಹೊಂದಿಕೊಳ್ಳುವುದು ಹೇಗೆ ಸಾಧ್ಯ? ಆಟೋಫೋಕಸ್ ಒಮ್ಮೆ ರೊಟ್ಟಿಯನ್ನು ಹಿಡಿಯಿತು, ಒಮ್ಮೆ ಹಿಂದಿನ ಗೋಡೆಯ ಕ್ಯಾಲೆಂಡರನ್ನು ಹಿಡಿಯಿತು, ಕಾಕಾನ ಮುಖವನ್ನು ಮಾತ್ರ ಹಿಡಿಯಲಿಲ್ಲ. ಹನ್ನೊಂದನೆಯ ಟೇಕಿನ ಹೊತ್ತಿಗೆ ರೊಟ್ಟಿಗಳ ರಾಶಿ ಬೆಳೆದಿತ್ತು. ರಾತ್ರಿ ಅವನ್ನೆಲ್ಲ ತಿಂದವರು ನಾವೇ.

ಮುಖ ಮಸುಕಾದುದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ: ರೊಟ್ಟಿಯಿಂದೇಳುವ ಹಬೆ ಒಂದು ಟೇಕಿನಲ್ಲೂ ಕಾಣಿಸಲಿಲ್ಲ. ಹಬೆಯಾಗಲಿ ಹೊಗೆಯಾಗಲಿ ಕ್ಯಾಮೆರಾದ ಕಣ್ಣಿಗೆ ಚೆನ್ನಾಗಿ ಬೀಳಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು. ನಮ್ಮಲ್ಲಿದ್ದದ್ದು ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಒಂದೇ.

ದಾರಿ ತೋರಿಸಿದವಳು ನಮ್ಮ ನಿರ್ದೇಶಕಿ, ಧಾರವಾಡದ ಹುಡುಗಿ. ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರಲ್ಲಿ ತೆರೆಕಂಡ 'ಕಾಗಜ್ ಕೇ ಫೂಲ್' ಚಿತ್ರಕ್ಕಾಗಿ ಸ್ಟುಡಿಯೋದ ಹೊರಗಿನ ಬಿಸಿಲನ್ನು ಕನ್ನಡಿಗಳ ಮೂಲಕ ಒಳಕ್ಕೆ ತಂದು ಒಂದು ಬೆಳಕಿನ ಕೋಲನ್ನು ನಿಲ್ಲಿಸಿದ್ದನ್ನು ಅವಳು ನೆನಪಿಸಿದಳು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ್, ಆ ಚಿತ್ರದ ನಿರ್ದೇಶಕರು, ಸಿನಿಮಾದ ಕೆಲಸಕ್ಕೆ ಮೊದಲು ಕೈಹಚ್ಚಿದ್ದು ಇದೇ ಪುಣೆಯ ಪ್ರಭಾತ್ ಸ್ಟುಡಿಯೋದಲ್ಲಿ. 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾದ ಲಾ ಕಾಲೇಜ್ ರಸ್ತೆಯ ಆ ಸ್ಟುಡಿಯೋ ಆವರಣದ ಮುಂದೆ ನಾನು ದಿನವೂ ಬಸ್ಸಿನಲ್ಲಿ ಹಾದುಹೋಗುತ್ತೇನೆ. ಆದರೂ ಕೈತೊಳೆಯುವ ಬೇಸಿನ್ನಿನ ಮೇಲೆ ತೂಗುತ್ತಿದ್ದ ಕನ್ನಡಿ ನನಗೆ ದೀಪವಾಗಿ ಕಂಡಿರಲಿಲ್ಲ.

ಎರಡನೆಯ ಬೆಳಿಗ್ಗೆ ಆ ಕನ್ನಡಿಯನ್ನು ಬಿಚ್ಚಿ ರಸ್ತೆಯ ಬದಿಗಿಟ್ಟು, ಬಿಸಿಲನ್ನು ಕಿಟಕಿಯೊಳಗಿಂದ ಒಲೆಯ ಹಿಂದೆ ನಿಲ್ಲಿಸಿದ ಥರ್ಮಾಕೋಲ್ ಹಾಳೆಯ ಮೇಲೆ ಬೀಳಿಸಿದೆವು. ಮತ್ತೊಂದು ಹಾಳೆಯನ್ನು ಮೇಜುಗಳ ಪಕ್ಕದಲ್ಲಿ ನಿಲ್ಲಿಸಿ, ಆ ಬೆಳಕಿನ ಒಂದು ಪಾಲನ್ನು ಕಾಕಾನ ಮುಖದ ಕಡೆಗೆ ತಿರುಗಿಸಿದೆವು. ಹಬೆ ಕಾಣಿಸಿತು. ಬೆಳಕು ಹೆಚ್ಚಿದ್ದರಿಂದ ಅಪರ್ಚರನ್ನು ಎಫ್ 4ಕ್ಕೆ ಕಿರಿದಾಗಿಸಲು ಸಾಧ್ಯವಾಯಿತು. ಇದಕ್ಕೆ ಸುಮಾರು ಐದು ಪಟ್ಟು ಬೆಳಕು ಬೇಕು, ಅದಕ್ಕೆ ಪ್ರತಿಯಾಗಿ ಅರ್ಧ ಗೇಣಿದ್ದ ಆಳ ಒಂದು ಗೇಣಾಗುತ್ತದೆ. ಆದರೆ ಸೂರ್ಯನ ದಿಕ್ಕು ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಬದಲಾಗುವುದರಿಂದ, ಕನ್ನಡಿಯಿಂದ ಹತ್ತು ಮೀಟರ್ ದೂರ ಬಿದ್ದ ಬೆಳಕು ಅಷ್ಟರಲ್ಲಿ 17 ಸೆಂಟಿಮೀಟರಿನಷ್ಟು ಸರಿದುಬಿಡುತ್ತದೆ. ಹೀಗಾಗಿ ನಮ್ಮೊಳಗೊಬ್ಬ ಇಡೀ ಬೆಳಿಗ್ಗೆ ರಸ್ತೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಲೇ ಇದ್ದ. ತೆರೆಯ ಮೇಲೆ ಅವನ ನೆರಳೂ ಇಲ್ಲ.

ಫೋಕಸನ್ನು ನಾನು ಬೇರೊಬ್ಬಳಿಗೆ ಒಪ್ಪಿಸಿದೆ. ಒಪ್ಪಿಸಿದೆ ಎನ್ನುವುದಕ್ಕಿಂತ ಅವಳು ಕಿತ್ತುಕೊಂಡಳು ಎನ್ನುವುದೇ ನಿಜ. ಅವಳು ಕಾಕಾನ ಪ್ರತಿ ಹೆಜ್ಜೆಗೂ ನೆಲದ ಮೇಲೆ ಬಣ್ಣದ ಟೇಪನ್ನು ಅಂಟಿಸಿ, ಆಯಾ ದೂರವನ್ನು ಲೆನ್ಸಿನ ಬಳೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ, ಪರದೆಯನ್ನು ನೋಡದೆ ಕಾಕಾನ ಪಾದಗಳನ್ನೇ ನೋಡುತ್ತ ಬಳೆಯನ್ನು ತಿರುಗಿಸಿದಳು. ನಿರ್ದೇಶಕಿ ನನ್ನ ಬೆಲ್ಟನ್ನು ಹಿಂದಿನಿಂದ ಹಿಡಿದುಕೊಂಡು, ಎಳೆದಾಗ ಹಿಂದಕ್ಕೆ, ತಿರುಚಿದಾಗ ಪಕ್ಕಕ್ಕೆ, ಒಂದೂ ಮಾತಿಲ್ಲದೆ ನನ್ನನ್ನು ನಡೆಸಿದಳು.

ಮಾತಿಲ್ಲದೆ ಎಂದೆನಲ್ಲ, ಅದು ಧ್ವನಿಮುದ್ರಣ ಮಾಡುತ್ತಿದ್ದವನ ಆಜ್ಞೆ. ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಸೇರಬಾರದೆಂದು ಅವನು ಅದನ್ನು ಆರಿಸಿ, ಮತ್ತೆ ಹಾಕಲು ಮರೆಯದಿರಲೆಂದು ತನ್ನ ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಟ್ಟಿದ್ದ. ಹಿಂದಿನ ದಿನ ಈ ಉಪಾಯ ಹೊಳೆಯದೆ ಕಾಕಾನ ಮೊಸರೆಲ್ಲ ಹುಳಿಯಾಗಿತ್ತು. ಅದರ ಹಣವನ್ನು ನಾವು ಕೊಟ್ಟೆವು.

ಮೂರನೆಯ ಟೇಕ್ ಸರಿಯಾಯಿತು. ನಿರ್ದೇಶಕಿ ಕಟ್ ಹೇಳಿದ ಕೂಡಲೇ ಕಾಕಾ ಬೇಸಿನ್ನಿನ ಕಡೆ ಕೈ ತೋರಿಸಿದರು: "ಕೈ ತೊಳ್ಕೊಳಾಕ ಬಂದ ಮಂದಿ ಮಾರಿ ಎಲ್ಲಿ ನೋಡ್ಕೋಬೇಕೋ ತಮ್ಮಾ? ಮೊದಲ ಆ ಕನ್ನಡಿ ತಂದು ಹಾಕು."