ಲೈಸೆನ್ಸ್ ಮೇಲಿನ ಆ ತಾರೀಖು

ಕೇಳುಗರೆಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಪರ್ಸ್ ಪಕ್ಕದಲ್ಲೇ ಇದ್ದರೆ ನಿಮ್ಮ ಡ್ರೈವಿಂಗ್ ಲೈಸೆನ್ಸ್ ಹೊರಗೆ ತೆಗೆಯಿರಿ. ಅದರ ಅವಧಿ ಯಾವತ್ತಿಗೆ ಮುಗಿಯುತ್ತದೆ ಅಂತ ಓದಿ. ಗಾಡಿ ಓಡಿಸುತ್ತಾ ಕೇಳುತ್ತಿದ್ದೀರಾದರೆ ಈಗ ಬೇಡ. ಮನೆ ಮುಟ್ಟಿದ ಮೇಲೆ ನೋಡಿ.

ನಾನು ಹಾಗೆ ನೋಡದೆ ಏಳು ತಿಂಗಳು ಕಳೆದುಬಿಟ್ಟಿದ್ದೆ. ಬೇರೆ ಯಾವುದೋ ಕೆಲಸಕ್ಕೆ ಗುರುತಿನ ಚೀಟಿ ಕೇಳಿದರು, ಲೈಸೆನ್ಸ್ ಕೊಟ್ಟೆ. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಪಕ್ಕದವರಿಗೆ ಕೇಳಿಸದ ಹಾಗೆ ಮೆಲ್ಲಗೆ, "ಸರ್, ಇದರ ಡೇಟ್ ಮುಗಿದಿದೆ" ಅಂದಳು. ನಾನು ನಂಬಲಿಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಏಳು ತಿಂಗಳು. ಅಷ್ಟೂ ದಿನ ಬೆಳಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟಿದ್ದೇನೆ. ಮಳೆಯ ರಾತ್ರಿಗಳಲ್ಲಿ ಹೈವೇಯಲ್ಲಿ ಹೋಗಿಬಂದಿದ್ದೇನೆ. ದಾರಿಯಲ್ಲಿ ಏನಾದರೂ ಆಗಿದ್ದರೆ? ತಪ್ಪು ಎದುರಿನವರದೇ ಆಗಿದ್ದರೂ, ಮೊದಲು ಕೇಳುತ್ತಿದ್ದದ್ದು ನನ್ನ ಲೈಸೆನ್ಸನ್ನೇ ಅಲ್ವಾ? ಇನ್ಶೂರೆನ್ಸ್ ಕ್ಲೇಮ್ ಮಾಡಲು ಹೋದರೂ ಅಷ್ಟೇ. ಚಾಲ್ತಿಯಲ್ಲಿರುವ ಲೈಸೆನ್ಸ್ ಇಲ್ಲ ಅಂದರೆ ಅಲ್ಲಿಂದಲೇ ತಕರಾರು ಶುರು. ಆ ದಿನ ನಾನು ಗಾಡಿ ಅಲ್ಲೇ ನಿಲ್ಲಿಸಿ ಆಟೋದಲ್ಲಿ ಮನೆಗೆ ಬಂದೆ.

ಇದನ್ನು ಮರೆಯೋದು ಬಹಳ ಸುಲಭ. ಕರೆಂಟ್ ಬಿಲ್ ತಿಂಗಳಿಗೊಮ್ಮೆ ಬಂದು ನೆನಪು ಮಾಡುತ್ತದೆ. ಲೈಸೆನ್ಸ್ ಹತ್ತು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ ಪರ್ಸಿನಲ್ಲಿ ಸುಮ್ಮನೆ ಕೂತಿರುತ್ತದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, 30 ವರ್ಷದೊಳಗೆ ಲೈಸೆನ್ಸ್ ಮಾಡಿಸಿದವರಿಗೆ ಅದು 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರೊಳಗಿನವರಿಗೆ 10 ವರ್ಷ. 50ರಿಂದ 55ರೊಳಗೆ ಮಾಡಿಸಿದರೆ 60 ತುಂಬುವವರೆಗೆ. 55 ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ. ಇದು ಸ್ವಂತ ಗಾಡಿ ಓಡಿಸುವವರ ಲೆಕ್ಕ. ಲಾರಿ, ಬಸ್ಸು, ಟ್ಯಾಕ್ಸಿಯವರ ಲೆಕ್ಕ ಬೇರೆ.

ಕನ್ನಡ ಮಾತಾಡುವವರು ಇವತ್ತು ಎಲ್ಲೆಲ್ಲೋ ಇದ್ದೀರಿ, ಹಾಗಾಗಿ ಬೇರೆ ಕಡೆಯ ಮಾತನ್ನೂ ಸ್ವಲ್ಪ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಕಾರ್ಡಿನ ಮೇಲಿನ ಫೋಟೋವನ್ನು 10 ವರ್ಷಕ್ಕೊಮ್ಮೆ ಬದಲಿಸಬೇಕು. 70 ತುಂಬಿದ ಮೇಲೆ ಮೂರು ವರ್ಷಕ್ಕೊಮ್ಮೆ ಲೈಸೆನ್ಸನ್ನೇ ನವೀಕರಿಸಬೇಕು. ಜಪಾನಿನಲ್ಲಿ ತಪ್ಪಿಲ್ಲದೆ ಓಡಿಸಿದವರಿಗೆ ಚಿನ್ನದ ಬಣ್ಣದ ಪಟ್ಟಿ ಇರುವ ಲೈಸೆನ್ಸ್ ಕೊಡುತ್ತಾರೆ, ಅದಕ್ಕೆ ಐದು ವರ್ಷ. ಹೊಸಬರಿಗೆ ಮೂರೇ ವರ್ಷ. ಅಲ್ಲಿ ಹುಟ್ಟುಹಬ್ಬದ ಆಚೆ ಒಂದು ತಿಂಗಳು, ಈಚೆ ಒಂದು ತಿಂಗಳು, ಅಷ್ಟರಲ್ಲಿ ನವೀಕರಣ ಮುಗಿಸಬೇಕು. ನನಗೆ ಈ ಪದ್ಧತಿ ತುಂಬಾ ಹಿಡಿಸಿತು. ಯಾರಾದರೂ ತಮ್ಮ ಹುಟ್ಟಿದ ದಿನ ಮರೆಯುತ್ತಾರಾ?

ಇನ್ನು, ಈ ತಾರೀಖು ಯಾಕಿದೆ ಅನ್ನೋದು. ಬ್ರಿಟನ್ನಿನಲ್ಲಿ 1903ರ ಕಾಯ್ದೆ ಬಂದು, ಮುಂದಿನ ವರ್ಷದಿಂದ ಕಾರು ಓಡಿಸಲು ಲೈಸೆನ್ಸ್ ಬೇಕಾಯಿತು. ಆಗ ಪರೀಕ್ಷೆಯೇ ಇರಲಿಲ್ಲ. ಅರ್ಜಿ ಕೊಟ್ಟು ದುಡ್ಡು ಕಟ್ಟಿದರೆ ಆಯಿತು. ಕಡ್ಡಾಯ ಪರೀಕ್ಷೆ ಬಂದದ್ದು 1935ರಲ್ಲಿ. ಅಂದರೆ "ಇವರು ಯಾರು" ಅನ್ನೋ ಪ್ರಶ್ನೆ ಮೊದಲು ಬಂತು, "ಇವರಿಗೆ ಓಡಿಸಲು ಬರುತ್ತದಾ" ಅನ್ನೋದು ಆಮೇಲೆ ಬಂತು. ನವೀಕರಣದಲ್ಲಿ ಕೇಳುವುದು ಮೂರನೆಯ ಪ್ರಶ್ನೆ. ಇವರಿಗೆ ಈಗಲೂ ಓಡಿಸಲು ಆಗುತ್ತದಾ?

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಅಪ್ಪನ ಲೈಸೆನ್ಸ್ ನವೀಕರಿಸುವಾಗ ಗೊತ್ತಾದದ್ದು. ಅವರಿಗೆ ಆಗ 66 ವರ್ಷ. ನಾನು ಕಂಪ್ಯೂಟರ್ ಮುಂದೆ, ಅವರು ಪಕ್ಕದ ಕುರ್ಚಿಯಲ್ಲಿ. ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ಸ್ವಯಂ ಘೋಷಣೆ ಅಂತ ಒಂದು ಭಾಗ ಇದೆ. ಮೂರ್ಛೆ ಬರುತ್ತದಾ, ತಲೆ ಸುತ್ತುತ್ತದಾ, ಕೆಂಪು ಹಸಿರು ಬಣ್ಣ ಗುರುತಿಸಲು ಆಗುತ್ತದಾ, ಹೀಗೆ. ನಾನು ಟಕಟಕ ಅಂತ ಟಿಕ್ ಹಾಕುತ್ತಾ ಹೋದೆ. ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು. "ಅದೇನು ಕೇಳಿದಾರೆ, ಜೋರಾಗಿ ಓದು" ಅಂದರು. ಓದಿದೆ. ಒಳ್ಳೆಯ ಹಗಲು ಬೆಳಕಿನಲ್ಲಿ, 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಲು ಆಗುತ್ತದೆಯೇ? ಕನ್ನಡಕ ಹಾಕಿಕೊಂಡು ನೋಡಿದರೂ ಸರಿ.

"ನೀನು ಹೌದು ಅಂತ ಹಾಕಿಬಿಟ್ಟೆಯಲ್ಲ, ನನ್ನನ್ನು ಕೇಳಿದೆಯಾ?" ಅಂದರು.

ಇಬ್ಬರೂ ಹೊರಗೆ ಹೋದೆವು. ರಸ್ತೆ ಬದಿಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಅಲ್ಲಿಂದ ದೊಡ್ಡ ಹೆಜ್ಜೆ ಹಾಕುತ್ತಾ 25 ಎಣಿಸಿದೆ. ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. ಮೊದಲ ಎರಡು ಅಕ್ಷರ ಹೇಳಿದರು. ಅವು ಊಹಿಸಬಹುದಾದ ಅಕ್ಷರಗಳು. ಅಂಕಿಗಳ ಹತ್ತಿರ ನಿಂತರು. 8 ಅಂದರು, 3 ಅಂದರು, ಮತ್ತೆ 8 ಅಂದರು. ಆಮೇಲೆ ಒಂದೊಂದೇ ಹೆಜ್ಜೆ ಮುಂದೆ ಹೋದರು. ಸರಿಯಾಗಿ ಓದುವಾಗ ಅವರಿಗೂ ಕಾರಿಗೂ ನಡುವೆ ಹೆಚ್ಚೆಂದರೆ ಹತ್ತು ಹೆಜ್ಜೆ ಇತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಹತ್ತು ಹೆಜ್ಜೆ ಅಂದರೆ ಒಂದು ಸೆಕೆಂಡೂ ಇಲ್ಲ.

ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಪೊರೆ ಒಂದೇ ದಿನದಲ್ಲಿ ಬರುವುದಿಲ್ಲ. ನಿಧಾನವಾಗಿ ಮಂಜು ಕವಿದ ಹಾಗೆ ಬರುತ್ತದೆ. ಎದುರಿನ ಗಾಡಿಯ ಲೈಟು ಹರಡಿಕೊಂಡು ಕಣ್ಣು ಕುಕ್ಕುತ್ತದೆ. ನಾವು "ಈಗಿನ ಲೈಟೆಲ್ಲ ಜಾಸ್ತಿ ಪ್ರಖರ" ಅಂದುಕೊಂಡು ಸುಮ್ಮನಾಗುತ್ತೇವೆ. ಗ್ಲಾಕೋಮಾ ಇನ್ನೂ ಕಷ್ಟ. ಅದು ಪಕ್ಕದ ನೋಟವನ್ನು ಮೆಲ್ಲಗೆ ತಿನ್ನುತ್ತದೆ, ಸಾಮಾನ್ಯವಾಗಿ ನೋವೂ ಇರುವುದಿಲ್ಲ, ತೀರಾ ಮುಂದುವರಿಯುವ ತನಕ ಗೊತ್ತೇ ಆಗುವುದಿಲ್ಲ. ಪಕ್ಕದ ಗಲ್ಲಿಯಿಂದ ಸೈಕಲ್ ಬರುವುದು ಕಾಣಬೇಕಾದರೆ ಆ ಪಕ್ಕದ ನೋಟವೇ ಬೇಕಲ್ವಾ? ಅಪ್ಪನಿಗೆ ಆಪರೇಷನ್ ಆಯಿತು. ಕಣ್ಣು ಚೆನ್ನಾಗಿ ಕಾಣಿಸತೊಡಗಿದ ಮೇಲೆ, ಡಾಕ್ಟರು ಒಪ್ಪಿದ ಮೇಲೆ, ಮತ್ತೆ ಅದೇ ಅರ್ಜಿ ತೆರೆದೆವು. ಆ ಸಲ ಟಿಕ್ ಹಾಕಿದ್ದು ಅವರೇ.

ಮನೆಯ ಹಿರಿಯರಿಗಾಗಿ ಆನ್‌ಲೈನ್ ಅರ್ಜಿ ತುಂಬುವ ಮಕ್ಕಳಿಗೆ, ಮೊಮ್ಮಕ್ಕಳಿಗೆ ನನ್ನದೊಂದು ಕೋರಿಕೆ. ಹೆಸರು, ವಿಳಾಸ ನೀವೇ ತುಂಬಿ, ಪರವಾಗಿಲ್ಲ. ಆರೋಗ್ಯದ ಪ್ರಶ್ನೆಗಳನ್ನು ಮಾತ್ರ ಅವರಿಗೆ ಓದಿ ಹೇಳಿ, ಅವರ ಬಾಯಿಂದಲೇ ಉತ್ತರ ಬರಲಿ. ಬ್ರಿಟನ್ನಿನಲ್ಲಿ ಆ ದೂರ 20 ಮೀಟರ್, ನಮ್ಮಲ್ಲಿ 25. ಎಲ್ಲಿದ್ದರೂ ಹೊರಗೆ ಹೋಗಿ ಒಂದು ನಂಬರ್ ಪ್ಲೇಟ್ ಓದಿ ನೋಡಲು ಐದು ನಿಮಿಷ ಸಾಕು. ನಮ್ಮಲ್ಲಿ 40 ದಾಟಿದವರು ವೈದ್ಯರ ಸರ್ಟಿಫಿಕೇಟ್ ಕೊಡಬೇಕು. ದಯವಿಟ್ಟು ಪರೀಕ್ಷೆ ಮಾಡಿಸಿಕೊಳ್ಳದೆ ಬರೀ ಸಹಿ ಹಾಕಿಸಿಕೊಂಡು ಬರಬೇಡಿ.

ಸರಿ, ಈಗ ಕಚೇರಿಗೆ ಹೋಗುವ ವಿಷಯ. ಭಾರತದಲ್ಲಿ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದ ಮೇಲೂ ಒಂದು ವರ್ಷದ ತನಕ ಹಾಕಬಹುದು. ಅದೂ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಆ ಒಂದು ವರ್ಷ ಅರ್ಜಿ ಹಾಕಲು ಕೊಟ್ಟ ಕಾಲ, ಗಾಡಿ ಓಡಿಸಲು ಕೊಟ್ಟದ್ದಲ್ಲ. ಮೊದಲು ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತಿತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ.

ಹೆಚ್ಚಿನ ಕಡೆ ಈಗ ಸುಮ್ನೆ ಹೋಗಿ ಸಾಲಿನಲ್ಲಿ ನಿಂತರೆ ಆಗುವುದಿಲ್ಲ. ಆನ್‌ಲೈನಿನಲ್ಲಿ ಸ್ಲಾಟ್ ತೆಗೆದುಕೊಂಡೇ ಹೋಗಬೇಕು. ಸ್ಲಾಟ್ ನೋಡಲು ಕೂರುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಲೈಸೆನ್ಸಿಗೆ ಜೋಡಿಸಿರುವ ಮೊಬೈಲ್ ನಂಬರ್ ಯಾವುದು? ಹದಿನೈದು ವರ್ಷದ ಹಿಂದಿನ ನಂಬರ್ ಈಗ ಇರುವುದಿಲ್ಲ. ಓಟಿಪಿ ಅಲ್ಲಿಗೆ ಹೋಗುತ್ತದೆ, ನೀವು ಇಲ್ಲಿ ಕಾಯುತ್ತಾ ಕೂರುತ್ತೀರಿ. ಏಜೆಂಟರ ಕೈಯಲ್ಲಿ ಮಾಡಿಸಿದ್ದರೆ ಕೆಲವು ಸಲ ಅವರ ನಂಬರೇ ದಾಖಲಾಗಿರುತ್ತದೆ. ಮೊದಲು ಅದನ್ನು ಸರಿಮಾಡಿಸಿ. ವೆಬ್‌ಸೈಟ್ ವಿಳಾಸವನ್ನೂ ಒಮ್ಮೆ ಪೂರ್ತಿ ಓದಿ. ಸರ್ಕಾರದ ಪುಟದ ಹಾಗೆಯೇ ಕಾಣುವ ಬೇರೆ ಪುಟಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ. ಅಲ್ಲಿ ಕಟ್ಟಿದ ದುಡ್ಡು ವಾಪಸ್ ಬರುವುದು ಕಷ್ಟ.

ಬೇಕಾದ ದಿನ ಸ್ಲಾಟ್ ಇಲ್ಲ ಅಂತ ಕಂಡರೆ ಅಲ್ಲಿಗೇ ಬಿಡಬೇಡಿ. ಯಾರೋ ರದ್ದು ಮಾಡಿದ ಸ್ಲಾಟ್ ಮತ್ತೆ ಕಾಣಿಸಿಕೊಳ್ಳಬಹುದು. ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ ನೋಡಿ. ನಾಲ್ಕು ದಿನ ರಜೆ ಬಂದ ಮೇಲಿನ ಮೊದಲ ದಿನ ಬೇಡ. ವಯಸ್ಸಾದವರ ಜೊತೆ ಹೋಗುವವರು ಬೆಳಗಿನ ಮೊದಲ ಹೊತ್ತನ್ನೇ ಹಿಡಿಯಿರಿ. ಮಧ್ಯಾಹ್ನದ ಹೊತ್ತಿಗೆ ಸಾಲು ಬೆಳೆದಿರುತ್ತದೆ, ಕೂರಲು ಜಾಗವೂ ಇರುವುದಿಲ್ಲ.

ಕಾಗದಗಳ ಮಾತು. ಎಲ್ಲದರ ಮೂಲ ಪ್ರತಿ, ಜೊತೆಗೆ ಒಂದೊಂದು ಜೆರಾಕ್ಸ್. ಅರ್ಜಿ ನಂಬರ್ ಇರುವ ಹಾಳೆ, ದುಡ್ಡು ಕಟ್ಟಿದ ರಸೀದಿ, ಸ್ಲಾಟಿನ ಚೀಟಿ. ಫೋನಿನಲ್ಲಿ ಇದೆಯಲ್ಲ ಅಂತ ಧೈರ್ಯ ಬೇಡ, ಪ್ರಿಂಟ್ ಇರಲಿ. ಇವನ್ನೆಲ್ಲ ಹಿಂದಿನ ರಾತ್ರಿಯೇ ಒಂದು ಫೈಲಿಗೆ ಹಾಕಿಡಿ. ಹಾಕುವಾಗ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಮ್ಮವರ ಹೆಸರಿನ ದೊಡ್ಡ ತೊಂದರೆ ಇನಿಷಿಯಲ್. ಒಂದರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅದನ್ನು ಬಿಡಿಸಿ ತಂದೆಯ ಪೂರ್ತಿ ಹೆಸರು. ನನ್ನ ನವೀಕರಣ ಮೊದಲ ದಿನ ನಿಂತದ್ದು ಇದಕ್ಕೇ. ಬೆಳಗ್ಗೆ ಒಂಬತ್ತಕ್ಕೆ ಹೋಗಿ ಕಾದವನು, ಒಂದು ಅಕ್ಷರ ಹೊಂದಲಿಲ್ಲ ಅಂತ ಬರಿಗೈಲಿ ವಾಪಸ್ ಬಂದೆ. ಮನೆ ಬದಲಿಸಿದ್ದರೆ ವಿಳಾಸ ಬದಲಾವಣೆಗೂ ಆಗಲೇ ಅರ್ಜಿ ಕೊಡಿ. ಹೊಸ ಕಾರ್ಡ್ ಅಂಚೆಯಲ್ಲಿ ಹೋಗುವುದು ಅವರ ದಾಖಲೆಯಲ್ಲಿರುವ ವಿಳಾಸಕ್ಕೇ.

ಕಚೇರಿಯಲ್ಲಿ ಫೋಟೋ ತೆಗೆಯುವ ಕಡೆ ಒಂದು ಕ್ಷಣ ನಿಧಾನ ಮಾಡಿ. ಅಲ್ಲಿ ಕೂತವರ ಎದುರಿನ ಪರದೆಯಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ, ವಿಳಾಸ, ರಕ್ತದ ಗುಂಪು ಎಲ್ಲ ಇರುತ್ತದೆ. "ಒಂದು ಸಲ ನೋಡಬಹುದಾ?" ಅಂತ ಕೇಳಿ. ನಾನು ಕೇಳಿದಾಗ ಆತ ಪರದೆಯನ್ನೇ ನನ್ನ ಕಡೆ ತಿರುಗಿಸಿದರು. ರಕ್ತದ ಗುಂಪು ತಪ್ಪಿತ್ತು. ಹಳೆಯ ಲೈಸೆನ್ಸಿನಲ್ಲೂ ತಪ್ಪೇ ಇತ್ತು, ಅಷ್ಟು ವರ್ಷ ನಾನು ಗಮನಿಸಿರಲಿಲ್ಲ. ಅಲ್ಲೇ ಹೇಳಿದ್ದಕ್ಕೆ ಅರ್ಧ ನಿಮಿಷದಲ್ಲಿ ಸರಿಯಾಯಿತು. ಕಾರ್ಡ್ ಅಚ್ಚಾದ ಮೇಲೆ ಗೊತ್ತಾಗಿದ್ದರೆ ಮತ್ತೊಂದು ಅರ್ಜಿ, ಮತ್ತೊಂದು ಸ್ಲಾಟ್.

ಹೊರದೇಶಕ್ಕೆ ಹೋಗುವವರಿಗೆ ಒಂದು ಮಾತು. ಇಂಟರ್‌ನ್ಯಾಷನಲ್ ಪರ್ಮಿಟ್ ಇದೆ, ಸಾಕು ಅಂದುಕೊಳ್ಳಬೇಡಿ. ಅದು ನಿಮ್ಮ ಲೈಸೆನ್ಸಿನ ಜೊತೆಗಷ್ಟೇ ನಡೆಯುತ್ತದೆ. ಮೂಲ ಲೈಸೆನ್ಸ್ ಮುಗಿದರೆ ಇದೂ ಮುಗಿದ ಹಾಗೆ. ಟಿಕೆಟ್ ಮಾಡಿಸುವ ದಿನವೇ ಆ ತಾರೀಖನ್ನೂ ನೋಡಿ.

ಅಪ್ಪ ಈಗಲೂ ಗಾಡಿ ಓಡಿಸುತ್ತಾರೆ, ಹಗಲಲ್ಲಿ ಮಾತ್ರ. ಸಂಜೆ ಬೆಳಕು ಇಳಿದರೆ ಅವರಾಗಿಯೇ ಕೀ ನನ್ನ ಕೈಗೆ ಕೊಡುತ್ತಾರೆ. ಅವರ ಲೈಸೆನ್ಸ್ ಮುಗಿಯುವ ತಾರೀಖು ನನ್ನ ಫೋನಿನಲ್ಲಿದೆ. ನನ್ನದು ನನ್ನ ಹೆಂಡತಿಯ ಫೋನಿನಲ್ಲಿದೆ. ಎರಡೂ ಅಲಾರಂಗಳು ಮೂರು ತಿಂಗಳು ಮೊದಲೇ ಹೊಡೆದುಕೊಳ್ಳುವ ಹಾಗೆ ಇಟ್ಟಿದ್ದೇವೆ.

ನಮಸ್ಕಾರ.